ಎಣ್ಣೆ ಹತ್ತಿದ ಸದ್ದು

೧೯೯೮ರಲ್ಲಿ ನಾನು ಚಿತ್ರಮಂದಿರಗಳಿಗೆ ಧ್ವನಿಯಂತ್ರ ಜೋಡಿಸುವ ಕಂಪನಿಯೊಂದರಲ್ಲಿ ಸರ್ವಿಸ್ ಇಂಜಿನಿಯರ್. ತಾಲ್ಲೂಕು ಊರುಗಳಿಗೆ ಡಿಜಿಟಲ್ ಸರೌಂಡ್ ಸೌಂಡಿನ ಹುಚ್ಚು ಹಿಡಿದಿತ್ತು, ಬಸ್ಸಿನಲ್ಲಿ ಓಡಾಡಿ ನನಗೆ ಸೊಂಟ ಹಿಡಿದಿತ್ತು. ದೊಡ್ಡಬಳ್ಳಾಪುರದ ಚಿತ್ರಮಂದಿರವೊಂದರಿಂದ ಮತ್ತೆ ದೂರು ಬಂದಾಗ ಗೊಣಗಿಕೊಂಡೇ ಹೊರಟೆ.

ಮಾಲೀಕ ರೇವಣ್ಣ ಬಾಗಿಲಲ್ಲೇ ಹಿಡಿದುಕೊಂಡರು. "ಬೆಂಗಳೂರಿನೋರದು ಡಿಸ್ಕ್ ಮಿಷನ್ನಂತೆ, ಸೆಕೆಂಡಿಗೆ ಎಂಟು ಲಕ್ಷ ಬಿಟ್ ಅಂತೆ. ನಮ್ದು ಮೂರು ಚಿಲ್ಲರೆ. ಅದಕ್ಕೇ ಹಿಂದ್ಗಡೆ ಸೌಂಡೇ ಬರ್ತಿಲ್ಲ. ಇಲ್ಲ ಮಿಷನ್ ಬದಲಾಯಿಸಿ, ಇಲ್ಲ ಆಪರೇಟರ್‌ನ ಬದಲಾಯಿಸ್ತೀನಿ."

ಆಪರೇಟರ್ ನಂಜುಂಡಪ್ಪ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದರು. ಪವರ್‌ಲೂಮ್ ಮಾರಿ ಈ ಕೆಲಸಕ್ಕೆ ಬಂದವರು. ಇದೂ ಹೋದರೆ ಹಿಂದಿರುಗಲು ಮಗ್ಗವಿರಲಿಲ್ಲ.

ಸೆಕೆಂಡಿಗೆ ಎಷ್ಟು ಬಿಟ್ ಹರಿಯುತ್ತವೆ ಎಂಬುದೇ ಡೇಟಾ ರೇಟ್. ಆರು ಚಾನೆಲ್‌ಗಳ, ಅಂದರೆ ಆರು ದಾರಿಯಲ್ಲಿ ಸ್ಪೀಕರ್‌ಗಳಿಗೆ ಹೋಗುವ ಸದ್ದನ್ನು ಇದ್ದಂತೆಯೇ ಬರೆದಿಟ್ಟರೆ ಅದು ನಲವತ್ತು ಲಕ್ಷ ದಾಟುತ್ತದೆ. ನಮ್ಮ ಯಂತ್ರ ಓದುವ ಬಿಟ್‌ಗಳನ್ನು ಅಚ್ಚುಹಾಕುವುದು ಫಿಲ್ಮಿನ ಅಂಚಿನ ತೂತುಗಳ ನಡುವೆ, ಅಲ್ಲಿ ಹಿಡಿಸುವುದು ಮೂರು ಲಕ್ಷದ ಇಪ್ಪತ್ತು ಸಾವಿರ. ಹಾಗಾಗಿ ಕಿವಿಗೆ ಹೇಗೂ ಬೀಳದ್ದನ್ನು ಬಿಟ್ಟುಬಿಡುತ್ತಾರೆ. ಮಗ್ಗ ಓಡುವಾಗ ಗೋಡೆ ಗಡಿಯಾರದ ಟಿಕ್‌ಟಿಕ್ ಯಾರಿಗೆ ಕೇಳುತ್ತದೆ? ಸದ್ದನ್ನು ಫಿಲ್ಮಿನ ಬದಲು ಡಿಸ್ಕ್‌ನಲ್ಲಿಡುವವರು ಅದನ್ನು ಹಿಂಡಿ ಕಿರಿದಾಗಿಸುವ ರೀತಿಯೇ ಬೇರೆ, ಎರಡರ ಅಂಕಿ ಹೋಲಿಸಿ ಫಲವಿಲ್ಲ. ಇದನ್ನೆಲ್ಲ ರೇವಣ್ಣನವರಿಗೆ ಹೇಳಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಕ್ಯಾಬಿನ್ನಿಗೆ ಹತ್ತಿ ನೋಡಿದರೆ ಪ್ರೊಜೆಕ್ಟರಿನ ಹಲ್ಲಿನ ಚಕ್ರಗಳಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಇಷ್ಟೊಂದು ಯಾಕ್ರೀ?"

"ಮಗ್ಗಕ್ಕೆ ದಿನಾ ಎಣ್ಣೆ ಬಿಟ್ಟೇ ಸ್ವಿಚ್ ಹಾಕೋದು ಸಾರ್. ಒಣಗಿದ್ರೆ ಹರ್ದೋಗಲ್ವಾ?"

ಆ ಎಣ್ಣೆ ಫಿಲ್ಮಿನ ಅಂಚಿಗೆ ಹತ್ತಿ, ಅದರ ಮೇಲೆ ಧೂಳು ಕೂತು, ತೂತುಗಳ ನಡುವಿನ ಬಿಟ್‌ಗಳು ಮುಚ್ಚಿಹೋಗಿದ್ದವು. ಓದಲಾಗದ ಯಂತ್ರ ತಾನಾಗಿಯೇ ಫಿಲ್ಮಿನ ಮೇಲೆ ಜೊತೆಗೇ ಇರುವ ಹಳೆಯ ಅನಲಾಗ್ ಟ್ರ್ಯಾಕ್‌ಗೆ ಜಾರುತ್ತಿತ್ತು, ಹಿಂದಿನ ಸ್ಪೀಕರ್‌ಗಳು ಮಂಕಾಗುತ್ತಿದ್ದವು.

ಇಬ್ಬರೂ ಕೂತು ರೀಲು ಒರೆಸಿದೆವು. ಮತ್ತೆ ಹಾಕಿ, ಕೆಳಗೆ ಕೊನೆಯ ಸಾಲಿನ ಕುರ್ಚಿಗಳ ಬಳಿ ಹೋಗಿ ನಿಂತಾಗ ಹಿಂದಿನ ಗೋಡೆಯ ಸ್ಪೀಕರ್‌ಗಳಿಂದ ಚಿತ್ರದೊಳಗಿನ ಸಣ್ಣ ಮಳೆ ಹನಿಯತೊಡಗಿತು. ನಂಜುಂಡಪ್ಪ ಸ್ಪೀಕರಿನ ಕೆಳಗೇ ನಿಂತು ನನ್ನ ಮುಖ ನೋಡುತ್ತಿದ್ದರು.

"ಬಂತಾ ಸಾರ್?"

ಬಂತು ಎಂದು ತಲೆಯಾಡಿಸಿದೆ. ಅವರೇ ಮೆಲ್ಲಗೆ ಹೇಳಿದರು: "ಮಾತು ಕೇಳುತ್ತೆ ಸಾರ್. ಸಣ್ಣ ಸದ್ದೆಲ್ಲ ಮಗ್ಗದಲ್ಲೇ ಹೋಯ್ತು. ಯಜಮಾನ್ರಿಗೆ ಹೇಳ್ಬೇಡಿ."

ಕ್ಯಾಬಿನ್ನಿಗೆ ವಾಪಸ್ ಕರೆದೊಯ್ದು ಧ್ವನಿಯಂತ್ರದ ಮೇಲಿನ ದೀಪ ತೋರಿಸಿದೆ. ಹಸಿರಾದರೆ ಡಿಜಿಟಲ್, ಕೆಂಪಾದರೆ ಅನಲಾಗ್. "ಕಿವಿ ನಂಬಬೇಡಿ, ಇದನ್ನ ನೋಡ್ಕೊಳ್ಳಿ. ಎಣ್ಣೆ ಕಮ್ಮಿ ಬಿಡಿ, ಕೆಂಪು ಬಂದ್ರೆ ರೀಲು ಒರೆಸಿ." ರೇವಣ್ಣನವರಿಗೆ, ಎಣ್ಣೆಯ ವಿಷಯ ಹೇಳಿಕೊಡಬೇಕಾದದ್ದು ಕಂಪನಿ, ಆಪರೇಟರ್ ತಪ್ಪಲ್ಲ ಎಂದೆ. ನಂಜುಂಡಪ್ಪನವರ ಕೆಲಸ ಉಳಿಯಿತು. ಆ ಊರಿನಿಂದ ಮತ್ತೆ ದೂರು ಬರಲಿಲ್ಲ.

ಆಮೇಲೆ ಅಂಕಿಗಳು ಲಕ್ಷದಿಂದ ಕೋಟಿಗೆ ಏರಿದವು. ಯಂತ್ರದಿಂದ ಹೊರಟದ್ದನ್ನು ಎಣಿಸಬಹುದು, ತಲುಪಿದ್ದೆಷ್ಟು ಎಂಬುದನ್ನು ಮನುಷ್ಯನನ್ನೇ ಕೇಳಬೇಕು. ನನ್ನ ಕೆಲಸ ಕಲಿಸಿದ್ದು ಇಷ್ಟೇ. ಈಗ ನನ್ನ ಕಿವಿಯೂ ದಣಿದಿದೆ. ಮೊಮ್ಮಗಳು ಹೊಸ ಸ್ಪೀಕರ್ ಹಾಕಿದಾಗ ನಾನು ಅವಳ ಮುಖ ನೋಡಿ ಕೇಳುತ್ತೇನೆ, "ಬಂತಾ?"