ಎರಡು ಹಸಿರು ಗುಂಡಿ

ಬಿಸಿಯಾದ ಕಾಗದಕ್ಕೆ ಒಂದು ವಾಸನೆಯಿದೆ. ಇಸ್ತ್ರಿ ಅಂಗಡಿಯ ಮುಂದೆ ಹಾದುಹೋಗುವಾಗ ಬರುವಂಥದ್ದೇ, ಅದಕ್ಕೆ ಸ್ವಲ್ಪ ಮಿಷನ್ ಎಣ್ಣೆ ಸೇರಿಸಿಕೊಂಡರೆ ಆಯಿತು. ಹೋದ ವಾರ ಹೂಟಗಳ್ಳಿಯ ಹಿಂದಿನ ಬೀದಿಯಲ್ಲಿ, ಒಂದು ಶೀಟಿನ ಶೆಡ್ಡಿನ ಬಾಗಿಲಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ತಮ್ಮನ ಮಗಳ ನಾಮಕರಣಕ್ಕೆ ಪೇಪರ್ ಪ್ಲೇಟು ಹೇಳಿಬರಲು ಹೋಗಿದ್ದೆ. ಒಳಗೆ ಎದೆಮಟ್ಟದ ಒಂದು ಮಿಷನ್. ಅದರ ಹಿಂದೆ ಒಬ್ಬ ಹೆಂಗಸು ಕೂತಿದ್ದಳು. ನನಗೆ ಕಂಡದ್ದು ಮುಖ ಮತ್ತು ಎಡಗೈ ಮಾತ್ರ. ಕಾಗದ ಇಡುವುದು, ಗುಂಡಿ ಒತ್ತುವುದು, ದಢ್ ಅಂತ ಅಚ್ಚು ಇಳಿಯುವುದು, ತಟ್ಟೆ ತೆಗೆಯುವುದು. ಮಿಷನ್ನಿನ ಎರಡು ಪಕ್ಕಕ್ಕೆ ಎರಡು ಹಸಿರು ಗುಂಡಿಗಳಿದ್ದವು. ಬಲಗಡೆಯದನ್ನು ಒತ್ತಿ, ಸಂದಿಗೆ ಮಡಚಿದ ರಟ್ಟು ತುರುಕಿ, ಮೇಲೆ ರಬ್ಬರ್ ಬ್ಯಾಂಡ್ ಸುತ್ತಿಬಿಟ್ಟಿದ್ದರು.

ಆ ರಟ್ಟು ಕಂಡಿದ್ದೇ ತಡ, ಎಷ್ಟು ಪ್ಲೇಟು, ಎಂದಿಗೆ ಬೇಕು ಅಂತ ಹೇಳಿ, ಅಡ್ವಾನ್ಸ್ ಕೊಟ್ಟು, ಓಡಿಬಂದ ಹಾಗೆ ಹೊರಗೆ ಬಂದೆ. ಮೇಲ್ಮನೆ ಅಕ್ಕ ಇದ್ದಿದ್ದರೆ ಆ ರಟ್ಟನ್ನು ಕಿತ್ತು ಎಸೆದು, ಶೆಡ್ಡಿನವರ ಮೂರು ತಲೆಮಾರನ್ನೂ ಜಾಲಾಡಿ ಬರುತ್ತಿದ್ದರು...

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಬರೆಯಬಾರದ ಕಡೆಯೆಲ್ಲ ಬರೆದಾಗಿದೆ. ಸರಸ್ವತಿಪುರಂನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದರು, ಒಬ್ಬರೇ. ಬೆಳಿಗ್ಗೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಸ್ಕೂಟರ್ ಹತ್ತಿದರೆ, ಒಂದು ದಿನ ಬಿಸ್ಕತ್ತಿನ ಕಾರ್ಖಾನೆ, ಇನ್ನೊಂದು ದಿನ ಅಗರಬತ್ತಿ ಪ್ಯಾಕ್ ಮಾಡುವಲ್ಲಿ, ಮತ್ತೊಂದು ದಿನ ತಗಡು ಒತ್ತುವಲ್ಲಿ. ಸಂಜೆ ಬಂದು ನಮ್ಮ ಹಿತ್ತಲ ನಲ್ಲಿಯ ಹತ್ತಿರ ಸೀಮೆಎಣ್ಣೆ ಹಾಕಿ ಕೈಯ ಗ್ರೀಸು ಉಜ್ಜಿಕೊಳ್ಳುತ್ತಿದ್ದರು. "ಇದೆಂಥ ಕಂಪ್ಯೂಟರ್ ಕೆಲಸನಮ್ಮ, ಗ್ಯಾರೇಜಿನವನ ಥರ ಬರ್ತೀಯಲ್ಲ!" ಅಂತ ನಮ್ಮಮ್ಮ ದಿನಾ ಬೈದುಕೊಂಡೇ ಕಾಫಿ ಕೊಡುತ್ತಿದ್ದರು.

ಅವರದು ಕೋಡಿಂಗ್ ಕೆಲಸ. ನನ್ನದೂ ಕೋಡಿಂಗ್ ಕೆಲಸವೇ. ನಮ್ಮ ನೆಂಟರಿಗೆ ಕೋಡಿಂಗ್ ಅಂದರೆ ಗಾಜಿನ ಕಟ್ಟಡ, ಕುತ್ತಿಗೆಗೆ ಕಾರ್ಡು, ಅಷ್ಟೇ. ನಾನು ಆಗತಾನೇ ಸೇರಿದ್ದ ಆಫೀಸಿನಲ್ಲಿ ಹೊರದೇಶದ ಆಸ್ಪತ್ರೆಗಳ ಕಾಗದ ಓದಿ, ಯಾರಿಗೆ ಏನು ಕಾಯಿಲೆ, ಯಾವ ಮೂಳೆ ಮುರಿಯಿತು, ಹೇಗೆ ಮುರಿಯಿತು ಅನ್ನುವುದಕ್ಕೆಲ್ಲ ಒಂದೊಂದು ಸಂಖ್ಯೆ ಹಾಕಬೇಕಿತ್ತು. ವಿಮೆಯವರು ಆ ಸಂಖ್ಯೆ ನೋಡಿ ಬಿಲ್ಲು ಪಾಸು ಮಾಡುತ್ತಿದ್ದರು. ಅಕ್ಕನದು ಮಿಷನ್ನಿಗೆ ಬರೆಯುವುದು. ಯಾವಾಗ ಏಳಬೇಕು, ಯಾವಾಗ ಇಳಿಯಬೇಕು... ಅದಕ್ಕಿಂತ ಮುಖ್ಯವಾಗಿ, ಯಾವಾಗ ಸುಮ್ಮನೆ ನಿಂತಿರಬೇಕು. ಅವರ ಜೊತೆ ಓದಿದ ಒಬ್ಬಾಕೆ ಬ್ಯಾಂಕಿಗೆ ಬರೆಯುತ್ತಿದ್ದಳಂತೆ. ನಮ್ಮ ಮೂವರ ಕೆಲಸವನ್ನೂ ಅಕ್ಕ ಒಂದೇ ಉಸಿರಿಗೆ ತೂಗಿಬಿಡುತ್ತಿದ್ದರು.

"ನಿಂದು ತಪ್ಪಾದ್ರೆ ಬಿಲ್ಲು ವಾಪಸ್ ಬರತ್ತೆ. ಅವಳದು ತಪ್ಪಾದ್ರೆ ದುಡ್ಡು ವಾಪಸ್ ಬರತ್ತೆ. ನಂದು ತಪ್ಪಾದ್ರೆ ಏನೂ ವಾಪಸ್ ಬರಲ್ಲ ಕಣೇ."

ವಿನಯ ಗಿನಯ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಬರೆದ ಪ್ರತಿ ಪ್ರೋಗ್ರಾಮಿನ ತಲೆಯ ಮೇಲೆ, ಮೊದಲನೇ ಸಾಲಿನಲ್ಲಿ, ತಮ್ಮ ಪೂರ್ತಿ ಹೆಸರು ಹಾಕಿ ಪಕ್ಕದಲ್ಲಿ ಮೈಸೂರು ಅಂತ ಬರೆಯುತ್ತಿದ್ದರು. ಮಿಷನ್ನಿಗೆ ಆ ಸಾಲು ಬೇಕಿಲ್ಲ. ಮುಂದೆ ತೆರೆದು ನೋಡುವವರಿಗಾಗಿ ಇರುವುದು. ಬೇರೆಯವರ ಪ್ರೋಗ್ರಾಮನ್ನು ಯಾರಾದರೂ ತಿದ್ದಿದರೆ, ತಿದ್ದಿದವರು ಅದರ ಕೆಳಗೆ ತಮ್ಮ ಹೆಸರನ್ನೂ ತಾರೀಖನ್ನೂ ಸೇರಿಸಬೇಕು. ಆ ಕಸುಬಿನ ಮರ್ಯಾದೆ ಅದು. "ಡಾಕ್ಟ್ರು ಚೀಟಿ ಕೆಳಗೆ ಸೈನ್ ಹಾಕಲ್ವಾ? ನಾನ್ಯಾಕೆ ಕದ್ದು ಬರೀಲಿ?" ಅನ್ನುತ್ತಿದ್ದರು.

ತಗಡು ಒತ್ತುವ ಕಾರ್ಖಾನೆಯ ಮಿಷನ್ನಿಗೆ ಎರಡು ಹಸಿರು ಗುಂಡಿ ಹಾಕಿಸಿದ್ದು ಅವರೇ. ಎರಡು ಪಕ್ಕಕ್ಕೆ, ಚಾಚಿದ ತೋಳಿನಷ್ಟು ದೂರದಲ್ಲಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತಿತ್ತು. ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಎರಡು ಲೋಟ ಬೋರಲು ಹಾಕಿ, ಎರಡೂ ಅಂಗೈ ಊರಿ ತೋರಿಸಿದ್ದರು. "ನೋಡಿ ಅಮ್ಮ, ಎರಡು ಕೈನೂ ಇಲ್ಲಿದೆ. ಒಳಗೆ ಹೋಗಬೇಕು ಅಂದ್ರೆ ಮೂರನೇ ಕೈ ಬೇಕು!" ಅಮ್ಮ, "ಒಗ್ಗರಣೆ ಸೀಯ್ತಾ ಇದೆ, ನಿನ್ನ ಮೂರನೇ ಕೈಲಿ ಅದನ್ನ ಇಳಿಸು" ಅಂದಿದ್ದರು. ಆ ದಿನ ನಾವು ನಕ್ಕದ್ದು ನೆನಪಾದರೆ ಈಗಲೂ ಕಣ್ಣು ಉರಿಯುತ್ತದೆ.

ಕೆಲಸಗಾರರು ಸುಮ್ಮನಿರುತ್ತಾರೆಯೇ? ಇಷ್ಟು ಪೀಸು ಆಗಲೇಬೇಕು ಅಂತ ಮೇಲಿನಿಂದ ಒತ್ತಡ. ಒಂದು ಗುಂಡಿಗೆ ರಟ್ಟು ತುರುಕಿ, ಒಂದೇ ಕೈಯಲ್ಲಿ ನಡೆಸಲು ಶುರು ಮಾಡಿದರು. ಅಕ್ಕ ಮಾರನೇ ದಿನವೇ ಹೋಗಿ ಪ್ರೋಗ್ರಾಮಿನಲ್ಲಿ ಇನ್ನೊಂದು ಸಾಲು ಸೇರಿಸಿದರು. ಪ್ರತಿ ಸಲ ಎರಡೂ ಗುಂಡಿ ಬಿಟ್ಟು ಮತ್ತೆ ಒತ್ತಬೇಕು, ಒಂದು ಒತ್ತಿದಂತೆಯೇ ಉಳಿದರೆ ಮಿಷನ್ ಜಪ್ಪಯ್ಯ ಅಂದರೂ ಅಲ್ಲಾಡಬಾರದು. ಅಲ್ಲಿಗೆ ರಟ್ಟಿನ ಆಟ ಮುಗಿಯಿತು. ಕೆಲಸಗಾರರು ಶಾಪ ಹಾಕಿದರು, ಇವರು ಎರಡು ಪಟ್ಟು ಹಾಕಿ ಬಂದರು.

ಆದರೆ ಮಾಲೀಕರು ಕರೆಸಿ, ಆ ಸಾಲು ತೆಗೆಯಿರಿ ಅಂದರಂತೆ. ಮಿಷನ್ ನಿಧಾನವಾಯಿತು, ಆರ್ಡರು ಕೈತಪ್ಪುತ್ತಿದೆ ಅಂತ. ಅಕ್ಕ ಆಗಲ್ಲ ಅಂದರು. ಆಗಲ್ಲ ಅಂದದ್ದು ಮಾತ್ರವಲ್ಲ, "ನಿಮ್ಮ ಕೈ ಇಟ್ಟು ನಡೆಸೋದಾದ್ರೆ ತೆಗೀತೀನಿ" ಅಂತಲೂ ಅಂದರಂತೆ. ಅದನ್ನು ನಮಗೆ ಹೇಳುವಾಗ ಅವರ ಮುಖದಲ್ಲಿ ಗೆದ್ದ ಕಳೆಯಿತ್ತು. ಅಮ್ಮ ಮಾತ್ರ ನಗಲಿಲ್ಲ. "ಅಷ್ಟು ಬಿರುಸಾಗಿ ಆಡಬಾರದಿತ್ತು ಕಣಮ್ಮ" ಅಂದರು. ಆ ಕಾರ್ಖಾನೆಯವರು ಮತ್ತೆ ಅಕ್ಕನನ್ನು ಕರೆಯಲಿಲ್ಲ.

ಕೆಲವು ತಿಂಗಳಾದ ಮೇಲೆ ಸುದ್ದಿ ಬಂತು. ಆ ಮಿಷನ್ನಿನಲ್ಲಿ ಕೆಲಸದ ಒಬ್ಬ ಹೆಂಗಸಿನ ಬಲಗೈ ಸಿಕ್ಕಿತ್ತು. ನಾಲ್ಕು ಬೆರಳೂ ಅರ್ಧ ಅಂಗೈಯೂ ಹೋಗಿದ್ದವು.

ಆಗಿದ್ದೇನು ಅಂತ ಅಲ್ಲಿನ ಆಪರೇಟರ್ ಒಬ್ಬ ನಮ್ಮ ಗೇಟಿನ ಹತ್ತಿರ ನಿಂತು, ಅತ್ತ ಇತ್ತ ನೋಡುತ್ತ ಹೇಳಿದ. ಮಾಲೀಕರು ಕರೆಸಿದ್ದ ಯಾರೋ ಒಬ್ಬ ಪುಣ್ಯಾತ್ಮ ಲ್ಯಾಪ್‌ಟಾಪ್ ತಂದು ಅಕ್ಕನ ಸಾಲನ್ನು ಅಳಿಸಿ ಹೋಗಿದ್ದ, ಗುಂಡಿಗೆ ಮತ್ತೆ ರಟ್ಟು ಬಂದಿತ್ತು. ತನ್ನ ಹೆಸರು ಹಾಕಿರಲಿಲ್ಲ. ಯಾಕೆ ಹಾಕುತ್ತಾನೆ? ಮೊದಲನೇ ಸಾಲಿನಲ್ಲಿ ಅಕ್ಕನ ಹೆಸರು ಹಾಗೇ ಉಳಿದಿತ್ತು. ವಿಚಾರಣೆಗೆ ಬಂದ ಅಧಿಕಾರಿಗೆ ಮಾಲೀಕರು ಪ್ರೋಗ್ರಾಮ್ ತೆರೆಸಿ ತೋರಿಸಿದ್ದು ಆ ಒಂದು ಸಾಲನ್ನೇ. "ನೀನು ಬಂದು ಇದನ್ನೇ ಹೇಳಪ್ಪ" ಅಂತ ಅಕ್ಕ ಕೇಳಿದರು. "ಎರಡು ಮಕ್ಕಳವರೆ ಮೇಡಂ, ನನ್ ಹೊಟ್ಟೆ ಮೇಲೆ ಒಡೀಬೇಡಿ" ಅಂದು ಅವನು ಸೈಕಲ್ ಹತ್ತಿ ಹೊರಟೇಹೋದ.

ಅಕ್ಕ ಬಿಡಲಿಲ್ಲ. ತಮ್ಮ ಹತ್ತಿರವಿದ್ದ ಪ್ರತಿಯನ್ನು ತೆಗೆದುಕೊಂಡು ಹೋಗಿ, ನೋಡಿ ಸ್ವಾಮಿ, ನಾನು ಬರೆದದ್ದರಲ್ಲಿ ಆ ಸಾಲಿದೆ, ಮಿಷನ್ನಿನಲ್ಲಿರುವುದರಲ್ಲಿ ಇಲ್ಲ ಅಂದರು. ಮನೆಯಲ್ಲಿ ಕೂತು ಆಮೇಲೆ ಸೇರಿಸಿಕೊಂಡು ಬಂದಿದ್ದಾರೆ ಅಂದರು ಮಾಲೀಕರು. ಕೇಸು ಯಾರ ಮೇಲೂ ನಿಲ್ಲಲಿಲ್ಲ, ಏನೋ ರಾಜಿಯಾಯಿತು. ಆದರೆ ಕಾರ್ಖಾನೆಯಿಂದ ಕಾರ್ಖಾನೆಗೆ ಬಾಯಿಮಾತು ಹೋಗಲು ರಾಜಿ ಬೇಕೇ? ಬಿಸ್ಕತ್ತಿನವರು, ಅಗರಬತ್ತಿಯವರು, ಎಲ್ಲರೂ ಒಬ್ಬೊಬ್ಬರಾಗಿ ಫೋನು ಎತ್ತುವುದನ್ನು ಬಿಟ್ಟರು. ನಮ್ಮ ಬೀದಿಯ ಹಾಲಿನ ಬೂತಿನಲ್ಲೂ, "ನಿಮ್ಮ ಮಹಡಿ ಮೇಲಿರೋರಿಂದಂತಲ್ಲ, ಆ ಹೆಂಗಸಿನ ಬೆರಳು ಹೋಗಿದ್ದು?" ಅಂತ ಕೇಳುವವರು ಹುಟ್ಟಿಕೊಂಡರು.

ಅದನ್ನೆಲ್ಲ ಅವರು ಬೈದು ಬೈದೇ ನುಂಗಿಕೊಂಡರು. ನುಂಗಲಾಗದೇ ಹೋದದ್ದು ಒಂದೇ. ಆಸ್ಪತ್ರೆಯಲ್ಲಿದ್ದ ಆ ಹೆಂಗಸನ್ನು ನೋಡಲು ಮೂಸಂಬಿ ತೆಗೆದುಕೊಂಡು ಹೋಗಿದ್ದರು, ನಾನು ಮಾಡಿದ್ದಲ್ಲಮ್ಮ ಅಂತ ಅವಳಿಗೆ ಒಬ್ಬಳಿಗಾದರೂ ಹೇಳಿಬರಬೇಕು ಅಂತ. ಬಾಯಿ ತೆಗೆಯುವುದಕ್ಕೂ ಅವಳು ಬಿಡಲಿಲ್ಲವಂತೆ. ಚೀಲವನ್ನು ಎಡಗೈಯಿಂದ ತಳ್ಳಿದಳಂತೆ. ಮೂಸಂಬಿಗಳು ಮಂಚದ ಕೆಳಗೆಲ್ಲ ಉರುಳಿದವಂತೆ. ಅಕ್ಕ ಬಗ್ಗಿ ಒಂದೊಂದನ್ನೇ ಆರಿಸಿ, ಕಿಟಕಿಯ ಹತ್ತಿರ ಇಟ್ಟು ಬಂದರಂತೆ. ಮನೆಗೆ ಬಂದು ನಮ್ಮ ಮೆಟ್ಟಿಲ ಮೇಲೆ ಕೂತು, "ಊರೆಲ್ಲ ಅನ್ಕೊಳ್ಲಿ ಕಣೇ. ಅವಳು ಹಂಗೆ ಅನ್ಕೊಂಡ್‌ಬುಟ್ಟಳಲ್ಲ..." ಅಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ದಿನಗಳಲ್ಲಿ ಆಫೀಸಿನಲ್ಲಿ ಕೂತು ನಾನು ಕೈಕಾಲು ಹೋದವರ ಕಾಗದಗಳಿಗೆ ಸಂಖ್ಯೆ ಹಾಕುತ್ತಿದ್ದೆ. ಬೆರಳಿಗೊಂದು ಸಂಖ್ಯೆ, ಮಿಷನ್ನಿಗೊಂದು ಸಂಖ್ಯೆ. ಯಾರು ಹೇಳಿ ಮಾಡಿಸಿದರು ಅನ್ನುವುದಕ್ಕೆ ಎಲ್ಲೂ ಸಂಖ್ಯೆಯಿರಲಿಲ್ಲ. ಕಂಪ್ಯೂಟರನ್ನು ಎತ್ತಿ ಕುಕ್ಕೋಣ ಅನ್ನಿಸುತ್ತಿತ್ತು.

ಆಮೇಲೆ ಅಕ್ಕ ಒಂದು ಟ್ಯುಟೋರಿಯಲ್ಲಿನಲ್ಲಿ ಶಾಲೆಯ ಮಕ್ಕಳಿಗೆ ಕೋಡಿಂಗ್ ಹೇಳಿಕೊಟ್ಟರು. ಪರದೆಯ ಮೇಲೊಂದು ಬೆಕ್ಕು. ಹತ್ತು ಹೆಜ್ಜೆ ಮುಂದೆ ಹೋಗು ಅಂದರೆ ಹೋಗುತ್ತದೆ, ಮಿಯಾಂವ್ ಅನ್ನು ಅಂದರೆ ಅನ್ನುತ್ತದೆ. "ಒಳ್ಳೇ ಬೆಕ್ಕು. ಇದರಿಂದ ಯಾರ ಕೈನೂ ಹೋಗಲ್ಲ" ಅನ್ನುತ್ತಿದ್ದರು, ನಗದೆ. ಆ ಪ್ರೋಗ್ರಾಮುಗಳ ತಲೆಯ ಮೇಲೆ ಅವರು ತಮ್ಮ ಹೆಸರು ಹಾಕುತ್ತಿರಲಿಲ್ಲ. ಸೀಮೆಎಣ್ಣೆ ಡಬ್ಬಿ ನಮ್ಮ ನಲ್ಲಿಯ ಹತ್ತಿರ ತುಕ್ಕು ಹಿಡಿಯಿತು. ಕೊನೆಗೆ ತಂಗಿಯ ಊರಿಗೆ ಹೋದರು, ಎರಡು ವರ್ಷದ ಹಿಂದೆ ಅಲ್ಲೇ ತೀರಿಕೊಂಡರು. ತಂಗಿ ಫೋನಿನಲ್ಲಿ ಕಾಯಿಲೆಯ ಹೆಸರು ಹೇಳುತ್ತಿದ್ದ ಹಾಗೇ ಅದರ ಸಂಖ್ಯೆ ನನ್ನ ತಲೆಯೊಳಗೆ ಬಂದು ನಿಂತಿತು. ಥೂ, ನನ್ನ ಕೆಲಸವೇ!

ಮೊನ್ನೆ ಪ್ಲೇಟು ತರಲು ಮತ್ತೆ ಆ ಶೆಡ್ಡಿಗೆ ಹೋದೆ. ಈ ಸಲ ಆಕೆ ಎದ್ದು ಬಂದು ಕಟ್ಟುಗಳನ್ನು ಎತ್ತಿಕೊಟ್ಟಳು. ಆಗ ನೋಡಿದೆ. ಬಲಗೈಯಲ್ಲಿ ಹೆಬ್ಬೆರಳೊಂದು ಬಿಟ್ಟರೆ ಏನೂ ಇರಲಿಲ್ಲ.

ಕೇಳಬಾರದಿತ್ತೇನೋ. ಕೇಳಿಬಿಟ್ಟೆ. ತಗಡಿನ ಫ್ಯಾಕ್ಟರಿಯಲ್ಲಿ ಹೋಯಿತು ಅಂದಳು. ಯಾರೋ ಒಬ್ಬ ಮೇಡಂ ಪ್ರೋಗ್ರಾಮ್ ತಪ್ಪು ಬರೆದಿದ್ದರು ಅಂದು, ಆ ಮೇಡಮ್ಮಿನ ಪೂರ್ತಿ ಹೆಸರು ಹೇಳಿದಳು. ಇಷ್ಟು ವರ್ಷವಾದರೂ ಒಂದಕ್ಷರ ಮರೆತಿರಲಿಲ್ಲ. ಈ ಪ್ಲೇಟಿನ ಮಿಷನ್ ಕೊಡಿಸಿದ್ದು ಫ್ಯಾಕ್ಟರಿ ಮಾಲೀಕರಂತೆ. "ದ್ಯಾವ್ರಂತ ಮನ್ಸ ಕಣ್ರೀ" ಅಂದಳು. ಬಲಗಡೆ ಗುಂಡಿಯನ್ನು ಮೊಂಡುಗೈಯಲ್ಲಿ ಒತ್ತಿ ಒತ್ತಿ ಹುಣ್ಣಾಗುತ್ತಿತ್ತಂತೆ, ಅದಕ್ಕೇ ರಟ್ಟು. ಉಳಿದಿರುವ ಎಡಗೈಯಲ್ಲೇ ಗುಂಡಿ ಒತ್ತಿ, ಅದೇ ಕೈಯನ್ನು ಅಚ್ಚಿನೊಳಗೆ ಹಾಕಿ ತಟ್ಟೆ ತೆಗೆಯುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಅಲ್ಲೇ ಕಾಗದದ ಕಟ್ಟಿನ ಮೇಲೆ ಕೂತು ಎಲ್ಲ ಹೇಳಿದೆ. ಅಕ್ಕ ಬರೆದ ಸಾಲು, ಅದನ್ನು ತೆಗೆಯಲ್ಲ ಅಂದದ್ದು, ತೆಗೆಸಿದ್ದು ಯಾರು ಅನ್ನುವುದು, ಮೂಸಂಬಿ... ಆಕೆ ಪೂರ್ತಿ ಕೇಳಿದಳು. ಮೂಸಂಬಿ ಅಂದಾಗ ಮುಖ ಒಂದು ಕ್ಷಣ ಅತ್ತ ತಿರುಗಿತು. ಆಮೇಲೆ ಸೆರಗಿನಲ್ಲಿ ಬಲಗೈ ಮುಚ್ಚಿಕೊಂಡು ನನ್ನನ್ನೇ ನೋಡಿದಳು.

"ಅವರು ನಂಗೆ ಮಿಷನ್ ಕೊಡ್ಸುದ್ರು ಮೇಡಂ. ಆಯಮ್ಮ ಏನ್ ಕೊಟ್ರು?"

ಕಟ್ಟುಗಳನ್ನು ಎತ್ತಿಕೊಂಡು ಹೊರಗೆ ಬಂದೆ. ನಿನ್ನ ಕೈಯನ್ನು ಕೊಟ್ಟಿದ್ದರು ಕಣಮ್ಮ, ಅವರು ಬರೆದ ಸಾಲು ಇದ್ದಷ್ಟು ದಿನ ನಿನ್ನ ಕೈ ನಿನ್ನ ಹತ್ತಿರವೇ ಇತ್ತಲ್ಲ ಅನ್ನುವ ಉತ್ತರ ಹೊಳೆದದ್ದು ಆಟೋದಲ್ಲಿ, ಸರಸ್ವತಿಪುರಂ ಹತ್ತಿರ ಬಂದ ಮೇಲೆ. ಆಗ ಹೊಳೆದು ಏನು ಬಂತು? ನಾನು ಶೆಡ್ಡಿನ ಬೀದಿ ದಾಟುವ ಮೊದಲೇ ಹಿಂದಿನಿಂದ ದಢ್, ದಢ್ ಅಂತ ಮಿಷನ್ ಮತ್ತೆ ಶುರುವಾಗಿತ್ತು.

ನಿನ್ನೆ ನಾಮಕರಣ ಆಯಿತು. ತಟ್ಟೆ ಗಟ್ಟಿಯಾಗಿದೆ, ಎಲ್ಲಿ ತಂದಿರಿ ಅಂತ ನಾಲ್ಕು ಜನ ಕೇಳಿದರು. ಎಲ್ಲರೂ ಹೋದ ಮೇಲೆ ನಾನು ಫೋನು ಹಿಡಿದು ಕೂತೆ. ಒಂದು ಕೈಯವರೂ ಹೆದರದೆ ನಡೆಸುವಂತೆ ಮಿಷನ್ನನ್ನು ಮಾರ್ಪಡಿಸಬಹುದು, ಕೈ ಒಳಗಿದ್ದರೆ ಅದೇ ಗುರುತಿಸಿ ನಿಲ್ಲುವ ಹಾಗೆ ಮಾಡಬಹುದು ಅಂತ ಅಕ್ಕ ಹೇಳುತ್ತಿದ್ದರು. ಆಕೆಯ ಉಳಿದ ಕೈಗೋಸ್ಕರ ಯಾರನ್ನಾದರೂ ಕರೆದುಕೊಂಡು ಹೋಗಬೇಕು. ಯಾರನ್ನು ಕೇಳಲಿ ಅಂತ ಹೆಸರುಗಳನ್ನು ಒಂದೊಂದಾಗಿ ಸರಿಸುತ್ತ ಹೋದೆ. ಅಕ್ಕನ ಹೆಸರು ಇನ್ನೂ ಅಲ್ಲೇ ಇತ್ತು. ಬೆರಳು ಅದರ ಮೇಲೆ ನಿಂತಿತು. ಇದ್ದಿದ್ದರೆ ಅವರೊಬ್ಬರೇ ಬರುತ್ತಿದ್ದದ್ದು, ಮೂಸಂಬಿ ಉರುಳಿದ್ದನ್ನೂ ಮರೆತು, ಬೈದುಕೊಂಡು ಬೈದುಕೊಂಡೇ ಬರುತ್ತಿದ್ದದ್ದು.