ಅಪ್ಪನ ಕ್ಯಾಮೆರಾದಲ್ಲಿ ಒಂದೇ ಮುಖ

ನಮ್ಮಪ್ಪ ಮದುವೆ ವಿಡಿಯೋ ತೆಗೆಯುವವರು. ಕ್ಯಾಮೆರಾದಲ್ಲಿ ‘ಆಟೊ’ ಎಂಬ ಗುಂಡಿಯೊಂದಿದೆ. ಅದನ್ನು ಮುಟ್ಟಿದರೆ ಮರ್ಯಾದೆ ಹೋಯಿತೆಂದೇ ಅಪ್ಪನ ಲೆಕ್ಕ. ಎಲ್ಲವನ್ನೂ ಕೈಯಿಂದಲೇ ತಿರುಗಿಸಬೇಕು, ಅದರಲ್ಲೂ ಅಪರ್ಚರ್. ಲೆನ್ಸಿನೊಳಗಿನ ಆ ಕಿಂಡಿಯನ್ನು ಪೂರ್ತಿ ತೆರೆದರೆ ಒಂದು ಮುಖ ಮಾತ್ರ ಥಳಥಳ, ಉಳಿದವರೆಲ್ಲ ಮಬ್ಬು. “ನೋಡೋರ ಕಣ್ಣು ಆಚೀಚೆ ಹೋಗಬಾರದು” ಎಂದು ಅವರ ವಾದ. ನಮ್ಮ ಮನೆಯ ವಿಡಿಯೋಗಳಲ್ಲಿ ನನ್ನ ಸೋದರಮಾವ ಇಂದಿಗೂ ಒಂದು ಕಂದು ಕಲೆ.

ಅಮ್ಮನ ಕಥೆಯಂತೂ ಕೇಳಲೇಬೇಡಿ. ಯಾವಾಗ ನೋಡಿದರೂ ತಟ್ಟೆಯೋ ಲೋಟವೋ ಹಿಡಿದು ಹಿಂದೆ ಓಡಾಡುವವಳು ಅವಳೇ. ನನ್ನ ಮದುವೆಗೆ ಮುಂಚೆ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: “ಈ ಸಲಾನೂ ನಾನು ಹೊಗೆ ಥರ ಕಂಡ್ರೆ, ಆ ಕ್ಯಾಮೆರಾ ಜೊತೇನೇ ಸಂಸಾರ ಮಾಡ್ಕೊಳ್ಳಿ.”

ನಾನೂ ಸೇರಿಸಿದೆ: “ಅಪ್ಪಾ, ಉಂಗುರ ತೊಡಿಸೋದು ಒಂದೇ ಸಲ. ನನ್ ಮುಖ ನೆಟ್ಟಗೆ ಬರ್ಲಿ.”

ಅಪ್ಪ ಸೋತರು. ಕಿಂಡಿ ಕಿರಿದು ಮಾಡಿದರೆ ಮುಂದಿನವರು, ಹಿಂದಿನವರು ಎಲ್ಲರೂ ಸ್ಪಷ್ಟ. ಆದರೆ ಬೆಳಕು ಸಾಲದು. ಅದಕ್ಕೆಂದು ಸಭಾಂಗಣದ ತುಂಬ ದೊಡ್ಡ ದೊಡ್ಡ ದೀಪ ನಿಲ್ಲಿಸಿದರು. ಆ ಸೆಕೆಗೆ ನನ್ನ ಪೌಡರೆಲ್ಲ ಇಳಿದುಹೋಯಿತು.

ನಾನು ಬೆರಳು ಚಾಚಿದ್ದೆ, ಹುಡುಗ ಉಂಗುರ ಹಿಡಿದಿದ್ದ. ಫಟ್! ದೀಪಗಳೆಲ್ಲ ಆರಿದವು. ಉಳಿದದ್ದು ಕಿಟಕಿಯ ಬೆಳಕು. ಕ್ಯಾಮೆರಾದೊಳಗೆ ಬರೀ ಕತ್ತಲೆ. ಸ್ವಲ್ಪ ತಡೆಯಿರಿ ಎನ್ನುವ ಬುದ್ಧಿ ಯಾರಿಗೂ ಬರಲಿಲ್ಲ. ಅಪ್ಪ ಗಡಬಡಿಸಿ ಕಿಂಡಿಯನ್ನು ಪೂರ್ತಿ ತೆರೆದರು. ಇನ್ನು ಸ್ಪಷ್ಟವಾಗಿ ಬರುವುದು ಒಬ್ಬರೇ: ಮುಂದಿರುವ ನಾನು, ಇಲ್ಲವೇ ಹಿಂದೆ ನಿಂತ ಅಮ್ಮ.

ವಾರ ಕಳೆದು ಎಲ್ಲರೂ ಕೂತು ವಿಡಿಯೋ ನೋಡಿದೆವು. ಸರಿಯಾಗಿ ಉಂಗುರದ ಹೊತ್ತಿಗೆ ನಾನೂ ನನ್ನ ಗಂಡನೂ ಎರಡು ಬಿಳಿ ಉಂಡೆಗಳಾದೆವು. ನನಗೆ ಮೈಯೆಲ್ಲ ಉರಿದುಹೋಯಿತು.

“ಅಪ್ಪಾ, ಇದು ನನ್ ಮದುವೆ ಕಣಪ್ಪಾ!”

ಅಪ್ಪ ತಲೆ ಕೆರೆದುಕೊಂಡರು. “ಕೈ ತಾನಾಗೇ ತಿರುಗಿಬಿಡ್ತಮ್ಮಾ.”

ಆ ಎರಡು ಉಂಡೆಗಳ ಸಂದಿಯಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ಯಾರದೋ ಲೋಟ. ತುಟಿ ಕಚ್ಚಿಕೊಂಡು, ಕಣ್ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ಬೆನ್ನ ಹಿಂದೆ ಅವಳು ಹಾಗೆ ನಿಂತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ನಾನು ಗಳಗಳನೆ ಅತ್ತುಬಿಟ್ಟೆ.

ಅಮ್ಮ ಮಾತ್ರ ಎದ್ದು ಪರದೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದಳು.

“ಅಯ್ಯೋ, ಇಷ್ಟೊಂದು ನರೆ ಬಂದಿದ್ಯಾ ನನಗೆ? ಮಬ್ಬಾಗೇ ತೆಗೀಬೇಕಿತ್ತು ರೀ.”

ಆಮೇಲೆ ಬಂದು ಅಪ್ಪನ ಪಕ್ಕದಲ್ಲೇ ಕೂತಳು. “ಇನ್ನೊಂದ್ ಸಲ ಹಾಕಿ.”