ಹೂತಿಟ್ಟ ಬಳ್ಳಿ

ಮೊನ್ನೆ ಮಗ್ಗಲಮನಿಯಾಕಿ ಸವಣೂರಿಂದ ತಂದ ವೀಳ್ಯದೆಲಿ ಕಟ್ಟು ಬಿಚ್ಚಿದಳು ನೋಡ್ರಿ, ಆ ಹಸಿ ಖಾರ ವಾಸನಿ ಮೂಗಿಗೆ ಬಡದು ನನ್ನ ಕಣ್ಣಾಗ ನೀರ ಬಂತು. ಯಾಕ ಅಂತ ಬಾಯಿಬಿಟ್ಟು ಹೇಳೂಹಂಗಿಲ್ಲ. ಶಿಗ್ಗಾಂವದ ಸಾಲ್ಯಾಗ ಇಪ್ಪತ್ತು ವರ್ಷ ಒದರಿ ಒದರಿ ಕಲಿಸಿದ ಗಂಟಲಿಗೆ ಆಪರೇಷನ್ ಆಗೇತಿ. ಒಂದೂವರಿ ತಿಂಗಳು ಪಿಟ್ಟ ಅನ್ನಬಾರದು ಅಂದಾರ ಡಾಕ್ಟರು. ನಾನರ ಸುಮ್ನ ಇರೋ ಪೈಕಿ ಏನ್ರಿ? ದಿನಾ ಬಚ್ಚಲದ ಬಾಗಲ ಹಾಕ್ಕೊಂಡು "ಆ" ಅಂತ ಒಮ್ಮೆ ನೋಡತಿದ್ದೆ. ಬರೇ ಗಾಳಿ ಬರತಿತ್ತು. ದನಿ ಹೋತು, ಇನ್ನ ಸಾಲಿನೂ ಹೋತು ಅಂತ ಎದಿ ಒಡಕೊಂಡಿದ್ದೆ.

ಸವಣೂರಾಗ ನಮ್ಮ ಆಯಿದು, ಅಂದ್ರ ಅಪ್ಪನ ಅವ್ವಂದು, ಎಲಿತೋಟ ಇತ್ತು. ಒಳಗ ಕಾಲಿಟ್ಟರ ಮಟಮಟ ಮಧ್ಯಾಹ್ನದಾಗೂ ತಂಪು, ಕಾಲಬೆರಳ ಸಂದ್ಯಾಗ ಮೆತ್ತಗಿನ ಕೆಸರು. ಬಳ್ಳಿ ತಾ ಹಬ್ಬಿದ ನುಗ್ಗಿಗಿಡದ ತುದಿ ಮುಟ್ಟಿ ಎಲಿ ಸಣ್ಣ ಆಗಾಕತ್ತಿದ್ರ ಆಯಿ ಅದನ್ನ ಇಳಸಾಕಿ. ಕಟ್ಟು ಬಿಚ್ಚಿ, ಸುರುಳಿ ಸುತ್ತಿ, ಕೂಸಿನ್ನ ಮಲಗಿಸಿದಂಗ ಬುಡದಾಗ ಮಲಗಿಸಿ, ತುದಿಯಷ್ಟ ಹೊರಗ ಬಿಟ್ಟು, ಹೊಸಾ ಬೇರು ಬಿಡಲಿ ಅಂತ ಮಣ್ಣ ಮುಚ್ಚಾಕಿ. ಆಮ್ಯಾಲೆ ಎರಡು ತಿಂಗಳು ಯಾರೂ ಕೈ ಹಚ್ಚೂಹಂಗಿರಲಿಲ್ಲ. ಎಂಟು ವರ್ಷದ ನನಗ ಅಂತ ಒಂದು ಬಳ್ಳಿ ಇಳಿಸಿ ಕೊಟ್ಟಿದ್ದಳು. ನಾ ದಿನಾ ಕದ್ದು ಹೋಗಿ ಮಣ್ಣ ಕೆದರಿ, ಬೇರು ಬಂದಾವೇನು ಅಂತ ನೋಡಿ, ಮತ್ತ ಮುಚ್ಚಿ ಬರತಿದ್ದೆ. ವಾರದಾಗ ಬಳ್ಳಿ ಕರ್ರಗಾತು. ಬೈತಾಳ ಅಂತ ಅಂಜಿ ನಿಂತೆ. ಆಯಿ ನನ್ನ ಉಗುರಾಗಿನ ಮಣ್ಣ ನೋಡಿದಳು.

"ಅದು ಮಣ್ಣಾಗ ಸತ್ತಿದ್ದಿಲ್ಲವ್ವಾ ತಂಗಿ, ಬೇರು ಬಿಡಾಕತ್ತಿತ್ತು. ನೀನ ಪುರಸೊತ್ತು ಕೊಡಲಿಲ್ಲ."

ಮಗ್ಗಲದಾಗ ಇನ್ನೊಂದು ಬಳ್ಳಿ ಇಳಿಸಿ, ನನ್ನ ಎರಡೂ ಕೈ ತನ್ನ ಉಡಿಯಾಗ ಹಿಡಕೊಂಡು ಕುಂತಳು. ಸಂಜಿ ಸಂಜಿಗೆ ಹಂಗ ಕುಂತಿವಿ, ಮಾತಿಲ್ಲ ಕತಿಯಿಲ್ಲ. ನಾನು ಚಡಪಡಿಸಿದಾಗೆಲ್ಲ ಆಯಿ ಕೈ ಇನ್ನಷ್ಟು ಬಿಗಿ ಆಗತಿತ್ತು. ಹಂಗ ಒಂದಿನ ಆ ತುದಿಯಾಗ ಎಳೀ ಎಲಿ ಬಿಟ್ಟಿತ್ತು, ನನ್ನ ಅಂಗೈಯಷ್ಟು!

ಆ ತೋಟ ಈಗ ಇಲ್ರಿ, ಪ್ಲಾಟ್ ಆಗೇತಿ. ಆಯಿ ಹೋಗಿನೂ ಭಾಳ ದಿನ ಆತು. ಆಕಿ ಕೈಯಾಗಿನ ಬಿಸುಪು ಇವತ್ತಿಗೂ ನೆನಪಾಕ್ಕೈತಿ.

ಇವತ್ತ ಮುಂಜಾನಿನೂ ರೂಢಿ ಪ್ರಕಾರ ಬಚ್ಚಲಕ್ಕ ಹೋದೆ. ಬಾಗಲ ಹಾಕಿದೆ. ಬಾಯಿ ತಗದೆ. ಆಮ್ಯಾಲೆ ಮುಚ್ಚಿದೆ. ಹೊರಗ ಬಂದು ಕಟ್ಟಿ ಮ್ಯಾಲೆ ಕುಂತು, ಎರಡೂ ಕೈ ಉಡಿಯಾಗ ಇಟ್ಟಗೊಂಡೆ. ಡಾಕ್ಟರು ಹೇಳಿದ ದಿನ ಮುಗ್ಯಾಕ ಇನ್ನ ಹದಿನೆಂಟು ದಿನ ಅದಾವು. ಇರಲಿ ಆಯಿ, ಈ ಸಲ ಕೆದರೂದಿಲ್ಲ.